ಸುಮಿದಾ ನದಿಯಿಂದ ಕರ್ಲ್ಯೂ ನದಿಗೆ: ಬೆಂಜಮಿನ್ ಬ್ರಿಟ್ಟನ್ನರೂ ಜಪಾನಿನ ನೋ ನಾಟಕವೂ

ಗಡಿಯಲ್ಲಿ ಬಾಳುವವರಿಗೆ ಒಂದು ಸಂಗತಿ ಎಳವೆಯಿಂದಲೇ ತಿಳಿದಿರುತ್ತದೆ. ಹೊಳೆಯ ಆಚೆಯ ದಡದಿಂದ ಮಾತು ಬರುತ್ತದೆ, ಹಾಡು ಬರುತ್ತದೆ, ಕಥೆ ಬರುತ್ತದೆ. ಆದರೆ ಬಂದುದೆಲ್ಲವೂ ನಮ್ಮದಾಗುವುದಿಲ್ಲ. ಕೆಲವು ನೆಂಟರಂತೆ ನಾಲ್ಕು ದಿನ ಇದ್ದು ಹೊರಟುಹೋಗುತ್ತವೆ. ಕೆಲವು ಮನೆಯ ಮಕ್ಕಳಾಗಿ ಉಳಿದುಬಿಡುತ್ತವೆ. ಬೇರೆ ನಾಡಿನ ಕಲೆಯೊಂದನ್ನು ಮೆಚ್ಚಿದವನು ಅದನ್ನು ತನ್ನದಾಗಿಸಿಕೊಳ್ಳುವುದು ಹೇಗೆ? ಯಾವಾಗ ಅದು ಬರಿಯ ವೇಷವಾಗುತ್ತದೆ, ಯಾವಾಗ ನಿಜವಾದ ಸ್ವೀಕಾರವಾಗುತ್ತದೆ? ತರಗತಿಯಲ್ಲಿ ಎರಡು ಭಾಷೆಗಳ ನಡುವೆ ದಿನವೂ ಓಡಾಡುವ ನಮ್ಮಂಥ ಉಪಾಧ್ಯಾಯರಿಗೆ ಇದು ಬರಿಯ ಶಾಸ್ತ್ರಚರ್ಚೆಯ ಮಾತಲ್ಲ.

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕಾಗಿ ನಾವು ಇಲ್ಲಿ ದೂರದ ಒಂದು ನಿದರ್ಶನವನ್ನು ಎತ್ತಿಕೊಂಡಿದ್ದೇವೆ. ಇಂಗ್ಲೆಂಡಿನ ಒಬ್ಬ ಸಂಗೀತಕಾರರು 1956ರಲ್ಲಿ ಜಪಾನಿನ ಒಂದು ಪುರಾತನ ನಾಟಕವನ್ನು ನೋಡಿದರು. ಅದು ಅವರ ಮನಸ್ಸಿನಲ್ಲಿ ಎಂಟು ವರ್ಷ ಬೆಳೆದು 1964ರಲ್ಲಿ ಒಂದು ಹೊಸ ಕೃತಿಯಾಯಿತು. ಅದರ ಪರಿಣಾಮ ಅವರ ಕೊನೆಯ ಕೃತಿಗಳವರೆಗೂ ಹರಿಯಿತು. ಆ ನಾಟಕ ನಡೆಯುವುದೂ ಒಂದು ಗಡಿಯ ನದಿಯ ಮೇಲೆ ಎಂಬುದು ನಮಗೆ ಇನ್ನಷ್ಟು ಹತ್ತಿರದ ವಿಷಯ.

ಆ ಸಂಗೀತಕಾರರು ಬೆಂಜಮಿನ್ ಬ್ರಿಟ್ಟನ್. 1913ರ ನವೆಂಬರ್ 22ರಂದು ಇಂಗ್ಲೆಂಡಿನ ಪೂರ್ವ ಕರಾವಳಿಯ ಲೋಸ್ಟಾಫ್ಟ್ ಎಂಬ ಊರಿನಲ್ಲಿ ಹುಟ್ಟಿದವರು. ತಂದೆ ದಂತವೈದ್ಯರು. 1945ರಲ್ಲಿ ಪ್ರಯೋಗವಾದ 'ಪೀಟರ್ ಗ್ರೈಮ್ಸ್' ಎಂಬ ಗೀತನಾಟಕದಿಂದ ಅವರ ಹೆಸರು ದೇಶದೇಶಗಳಲ್ಲಿ ಹರಡಿತು. ಮಹಾನಗರಗಳನ್ನು ಬಿಟ್ಟು ಆಲ್ಡ್‌ಬರೋ ಎಂಬ ಕಡಲತಡಿಯ ಸಣ್ಣ ಊರಿನಲ್ಲಿ ನೆಲೆಸಿ, 1948ರಲ್ಲಿ ಅಲ್ಲಿಯೇ ಒಂದು ಸಂಗೀತೋತ್ಸವವನ್ನು ಪ್ರಾರಂಭಿಸಿದರು. ತಮ್ಮ ಊರಿನ ಸಮುದ್ರ, ಜೌಗು, ಹಕ್ಕಿ, ಬೆಸ್ತರು, ಇವರನ್ನೇ ಹಾಡಿದವರು ಅವರು. ಅಂಥವರಿಗೆ ಜಪಾನು ಹೇಗೆ ಹಿಡಿಸಿತು?

ಹಿಂದಿರುಗಿ ಬಂದ ಶೋಕಗೀತ

ಜಪಾನಿನೊಡನೆ ಬ್ರಿಟ್ಟನ್ನರ ಮೊದಲ ಸಂಬಂಧ ಸುಖದ್ದಾಗಿರಲಿಲ್ಲ. ಜಪಾನಿನ ರಾಜವಂಶ ಸ್ಥಾಪನೆಯಾಗಿ 2600 ವರ್ಷಗಳಾದುವೆಂದು ಸಂಪ್ರದಾಯದ ಲೆಕ್ಕದಂತೆ 1940ರಲ್ಲಿ ಅಲ್ಲಿನ ಸರ್ಕಾರ ದೊಡ್ಡ ಉತ್ಸವವನ್ನು ಏರ್ಪಡಿಸಿತು. ಅದಕ್ಕಾಗಿ ಪಾಶ್ಚಾತ್ಯ ಸಂಗೀತಕಾರರಿಂದ ಹೊಸ ಕೃತಿಗಳನ್ನು ಬರೆಸಿತು. ಜರ್ಮನಿಯ ರಿಚರ್ಡ್ ಸ್ಟ್ರೌಸ್, ಫ್ರಾನ್ಸಿನ ಝಾಕ್ ಇಬೇರ್, ಇಟಲಿಯ ಪಿಝೆಟ್ಟಿ ಮೊದಲಾದವರು ಬರೆದು ಕಳುಹಿಸಿದರು. ಆಗ ಅಮೆರಿಕದಲ್ಲಿದ್ದ ತರುಣ ಬ್ರಿಟ್ಟನ್ನರಿಗೂ ಕೇಳಿಕೆ ಬಂತು.

ಬ್ರಿಟ್ಟನ್ನರು ಬರೆದುದು 'ಸಿನ್ಫೋನಿಯಾ ದಾ ರೆಕ್ವಿಯೆಮ್' ಎಂಬ ವೃಂದವಾದ್ಯ ಕೃತಿ. ಸುಮಾರು ಇಪ್ಪತ್ತು ನಿಮಿಷದ್ದು. ಅದರ ಮೂರು ಭಾಗಗಳಿಗೆ ಕ್ರೈಸ್ತರ ಉತ್ತರಕ್ರಿಯೆಯ ಪ್ರಾರ್ಥನೆಯಿಂದ ಹೆಸರುಗಳನ್ನು ತೆಗೆದುಕೊಂಡಿದ್ದರು. ತೀರಿಹೋದ ತಮ್ಮ ತಂದೆತಾಯಿಯರ ನೆನಪಿಗೆ ಅದನ್ನು ಅರ್ಪಿಸಿದ್ದರು. ಯುದ್ಧವನ್ನು ಮನಸಾರೆ ದ್ವೇಷಿಸುತ್ತಿದ್ದ ಅವರಿಗೆ ಆ ವರ್ಷ ಶೋಕವಲ್ಲದೆ ಬೇರೆ ಏನೂ ಹೊರಡಲಿಲ್ಲವೆಂದು ತೋರುತ್ತದೆ. ಉತ್ಸವಕ್ಕೆ ಮಂಗಳವಾದ್ಯವನ್ನು ಕೇಳಿದವರಿಗೆ ಚರಮಗೀತ ಬಂದಿತು! ಕೃತಿ ಕ್ರೈಸ್ತಧರ್ಮದ್ದು, ಸ್ವರ ವಿಷಾದದ್ದು ಎಂಬ ಆಕ್ಷೇಪದಿಂದ ಅದು ತಿರಸ್ಕೃತವಾಯಿತು. 1941ರ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಅದೇ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿಯಿತು. ಮುಂದಿನದು ಎಲ್ಲರಿಗೂ ತಿಳಿದ ಇತಿಹಾಸ.

ಸರ್ಕಾರದ ಜಪಾನು ಬೇರೆ, ಕಲೆಯ ಜಪಾನು ಬೇರೆ. ಈ ವಿವೇಕ ಬ್ರಿಟ್ಟನ್ನರಲ್ಲಿ ಇತ್ತು. ಹದಿನಾರು ವರ್ಷಗಳ ತರುವಾಯ, 1956ರ ಫೆಬ್ರವರಿಯಲ್ಲಿ, ತಿರಸ್ಕಾರ ಹೊಂದಿದ ಆ ಕೃತಿಯನ್ನೇ ಟೋಕಿಯೋ ನಗರದಲ್ಲಿ ಜಪಾನೀ ವಾದ್ಯಗಾರರ ಮುಂದೆ ನಿಂತು ಅವರು ಸ್ವತಃ ನಡೆಸಿಕೊಟ್ಟರು. ಅದೇ ಪ್ರವಾಸದಲ್ಲಿ ಅವರಿಗೆ ನೋ ನಾಟಕದ ದರ್ಶನವಾಯಿತು.

ಟೋಕಿಯೋದಲ್ಲಿ ಎರಡು ವಾರ

ಬ್ರಿಟ್ಟನ್ನರೂ ಅವರ ಜೀವನದ ಒಡನಾಡಿಯೂ ಗಾಯಕರೂ ಆದ ಪೀಟರ್ ಪಿಯರ್ಸರೂ 1955ರ ಕೊನೆಯಲ್ಲಿ ಪೂರ್ವದೇಶಗಳ ದೀರ್ಘ ಪ್ರವಾಸಕ್ಕೆ ಹೊರಟರು. ದಾರಿಯಲ್ಲಿ ನಮ್ಮ ದೇಶಕ್ಕೂ ಬಂದು ದಿಲ್ಲಿಯಲ್ಲಿ ರವಿಶಂಕರರ ಸಿತಾರ್ ವಾದನವನ್ನು ಕೇಳಿದರು. ಬಾಲಿ ದ್ವೀಪದಲ್ಲಿ ಗಾಮೆಲಾನ್ ಎಂಬ ಕಂಚಿನ ವಾದ್ಯಮೇಳಕ್ಕೆ ಮನಸೋತರು. ಅಲ್ಲಿಂದ ಮುಂದೆ ಜಪಾನು.

ಜಪಾನಿಗೆ ಹೋದರೆ ನೋ ನಾಟಕವನ್ನು ನೋಡದೆ ಬರಬಾರದೆಂದು ಹೇಳಿದವರು ಕವಿ ವಿಲಿಯಂ ಪ್ಲೋಮರ್. ಇವರು ನಮ್ಮ ಕಸುಬಿನವರೇ: 1926ರಿಂದ 1929ರ ವರೆಗೆ ಜಪಾನಿನಲ್ಲಿದ್ದು ಇಂಗ್ಲಿಷ್ ಕಲಿಸುತ್ತಿದ್ದ ಉಪಾಧ್ಯಾಯರು. ಬ್ರಿಟ್ಟನ್ನರ 'ಗ್ಲೋರಿಯಾನಾ' ಎಂಬ ಗೀತನಾಟಕಕ್ಕೆ ಸಾಹಿತ್ಯವನ್ನು ಬರೆದುಕೊಟ್ಟಿದ್ದವರೂ ಅವರೇ. ದೂರದೇಶದಲ್ಲಿ ಪಾಠ ಹೇಳಿದ ಒಬ್ಬ ಉಪಾಧ್ಯಾಯನ ನೆನಪು, ಮೂವತ್ತು ವರ್ಷಗಳ ಮೇಲೆ ಸಂಗೀತದ ಚರಿತ್ರೆಯಲ್ಲಿ ಫಲಿಸಿತು.

ಬ್ರಿಟ್ಟನ್ನರು ಟೋಕಿಯೋದಲ್ಲಿ ನೋಡಿದ ನಾಟಕ 'ಸುಮಿದಾಗಾವಾ', ಎಂದರೆ ಸುಮಿದಾ ನದಿ. ಎರಡು ವಾರಗಳಷ್ಟೇ ಜಪಾನಿನಲ್ಲಿ ಇದ್ದ ಅವರು ಅದನ್ನೇ ಮತ್ತೊಮ್ಮೆ ಹೋಗಿ ನೋಡಿದರು. ಭಾಷೆ ಬಾರದ ಪ್ರವಾಸಿ, ನೋಡಬೇಕಾದ ನೂರು ಸ್ಥಳಗಳನ್ನು ಬದಿಗಿಟ್ಟು, ನೋಡಿದ ನಾಟಕವನ್ನೇ ಮತ್ತೆ ನೋಡಲು ಹೋಗುತ್ತಾನೆಂದರೆ, ಆತನನ್ನು ಹಿಡಿದುದು ಕುತೂಹಲಕ್ಕಿಂತ ಆಳವಾದುದೆಂದು ತಿಳಿಯಬೇಕು. ಜಪಾನಿನ ಅರಮನೆಯ ಪ್ರಾಚೀನ ಸಂಗೀತವಾದ ಗಗಾಕುವನ್ನೂ ಅವರು ಕೇಳಿದರು. ಅದರಲ್ಲಿ ನುಡಿಯುವ ಶೋ ಎಂಬ ಬಿದಿರಿನ ವಾದ್ಯವನ್ನು ತಾವೇ ಊದಿ ನೋಡಿದರು. ಈ ಶೋ ವಾದ್ಯದ ನಾದವೂ ಮುಂದೆ ಅವರ ಕೃತಿಯೊಳಗೆ ಬರುವುದನ್ನು ಕಾಣಲಿದ್ದೇವೆ.

ನೋ ಎಂದರೇನು?

ನೋ ನಾಟಕ ರೂಪುಗೊಂಡುದು ಹದಿನಾಲ್ಕು-ಹದಿನೈದನೆಯ ಶತಮಾನಗಳಲ್ಲಿ. ಕಾನ್ಆಮಿ ಮತ್ತು ಅವನ ಮಗ ಝೆಯಾಮಿ ಎಂಬ ನಟ-ಕವಿಗಳಿಂದ. ಸುಮಾರು 18 ಅಡಿ ಚೌಕದ ಮರದ ರಂಗ. ಹಿಂದುಗಡೆ ಹಲಗೆಯ ಮೇಲೆ ಬರೆದ ಒಂದು ದೇವದಾರು ಜಾತಿಯ ಮರದ ಚಿತ್ರ. ಬದಿಯಿಂದ ರಂಗಕ್ಕೆ ಬರುವ ಒಂದು ಸೇತುವೆಯಂಥ ಹಾದಿ. ಪರದೆಗಳಿಲ್ಲ, ದೃಶ್ಯಗಳಿಲ್ಲ. ಮುಖ್ಯಪಾತ್ರ ಧರಿಸುವವನಿಗೆ ಶಿತೆ ಎಂದೂ, ಅವನ ಎದುರು ನಿಂತು ಕಥೆಯನ್ನು ಹೊರಡಿಸುವವನಿಗೆ ವಾಕಿ ಎಂದೂ ಹೆಸರು. ಒಂದು ಕೊಳಲು, ಎರಡು ಮೂರು ಮದ್ದಳೆಗಳು, ಬದಿಯಲ್ಲಿ ಕುಳಿತು ಹಾಡುವ ಸುಮಾರು ಎಂಟು ಜನರ ಮೇಳ, ಇಷ್ಟೇ ಪರಿವಾರ.

ನಮ್ಮ ಓದುಗರಿಗೆ ಇಲ್ಲಿ ಯಕ್ಷಗಾನದ ನೆನಪಾಗುವುದು ಸಹಜ. ಅಲ್ಲಿಯೂ ಹಿಮ್ಮೇಳ ಎದುರಿಗೇ ಇರುತ್ತದೆ. ಪರಂಪರೆಯಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಕಟ್ಟುತ್ತಿದ್ದರು. ಆದರೆ ಭೇದವೂ ದೊಡ್ಡದು. ಯಕ್ಷಗಾನಕ್ಕೆ ಭಾಗವತನಿದ್ದಾನೆ, ಇಡೀ ಆಟ ಅವನ ತಾಳದ ಹಿಡಿತದಲ್ಲಿ ನಡೆಯುತ್ತದೆ. ನೋ ನಾಟಕದಲ್ಲಿ ಅಂಥ ಒಬ್ಬ ನಾಯಕನಿಲ್ಲ. ಮದ್ದಳೆಯವರ ಕೂಗು, ನಟನ ಉಸಿರು, ಇವುಗಳನ್ನು ಒಬ್ಬರಿಂದೊಬ್ಬರು ಆಲಿಸಿ ನಡೆಯಬೇಕು. ಯಕ್ಷಗಾನದ ವೀರ ಕುಣಿದು ತುಂಬುತ್ತಾನೆ. ನೋ ನಟ ನಿಂತು ತುಂಬುತ್ತಾನೆ. ಮುಖವಾಡವನ್ನು ಎಳ್ಳಷ್ಟು ಬಾಗಿಸಿದರೆ ಅದರ ಮೇಲೆ ನೆರಳು ಬಿದ್ದು ದುಃಖ ತೋರುತ್ತದೆ. ಅಳುವುದೆಂದರೆ ಕೈಯನ್ನು ಮೆಲ್ಲಮೆಲ್ಲನೆ ಕಣ್ಣಿನ ಹತ್ತಿರಕ್ಕೆ ಎತ್ತುವುದು, ಅಷ್ಟೇ. ಹೆಣ್ಣಿನ ಪಾತ್ರ ಮಾಡುವ ಗಂಡಸು ಹೆಣ್ಣಿನ ಕಂಠವನ್ನು ಅನುಕರಿಸುವುದೂ ಇಲ್ಲ. ಪ್ರೇಕ್ಷಕನ ಮನಸ್ಸೇ ಉಳಿದುದನ್ನು ಪೂರೈಸಬೇಕು.

ಗಡಿಯ ನದಿಯ ತಾಯಿ

'ಸುಮಿದಾಗಾವಾ'ವನ್ನು ಬರೆದವನು ಝೆಯಾಮಿಯ ಮಗ ಕಾನ್ಝೆ ಮೊತೊಮಾಸಾ. ಕಥೆ ಬಹಳ ಸರಳ.

ಸುಮಿದಾ ಹಿಂದೆ ಮುಸಾಶಿ ಮತ್ತು ಶಿಮೋಸಾ ಎಂಬ ಎರಡು ಪ್ರಾಂತಗಳ ನಡುವಿನ ಗಡಿಯ ನದಿ. ದೋಣಿಯವನು ಜನರನ್ನು ದಾಟಿಸಲು ಸಿದ್ಧನಾಗಿದ್ದಾನೆ. ಆಗ ದೂರದ ರಾಜಧಾನಿ ಕ್ಯೋಟೋದಿಂದ ಒಬ್ಬ ತಾಯಿ ಬರುತ್ತಾಳೆ. ಅವಳ ಒಬ್ಬನೇ ಮಗನನ್ನು ಮನುಷ್ಯರನ್ನು ಮಾರುವವನೊಬ್ಬ ಕದ್ದೊಯ್ದಿದ್ದಾನೆ. ಹುಡುಕುತ್ತ ಹುಡುಕುತ್ತ ಅವಳ ಚಿತ್ತ ಕೆಟ್ಟಿದೆ. ಕೈಯಲ್ಲಿ ಹಿಡಿದ ಬಿದಿರಿನ ಕೊಂಬೆಯೇ ಆ ಹುಚ್ಚಿನ ಗುರುತು. ದೋಣಿಯವನು ಆಕೆಯನ್ನು ಹಾಸ್ಯ ಮಾಡುತ್ತಾನೆ. ನೀರಿನ ಮೇಲಿನ ಬಿಳಿಯ ಹಕ್ಕಿಗಳನ್ನು ಅವನು ಬರಿಯ ಕಡಲಹಕ್ಕಿಗಳೆಂದಾಗ ಅವಳು ಅವನನ್ನು ಗದರಿಸುತ್ತಾಳೆ. ಇದೇ ನದಿಯ ಮೇಲೆ, ಇದೇ ಹಕ್ಕಿಗಳನ್ನು ಹಿಂದಿನ ಮಹಾಕವಿ ನಾರಿಹಿರ 'ರಾಜಧಾನಿಯ ಹಕ್ಕಿ' ಎಂದು ಕರೆದು ತನ್ನ ಪ್ರಿಯಳ ಕ್ಷೇಮವನ್ನು ಕೇಳಿದ್ದನಲ್ಲವೆ? ಆ ಹೆಸರನ್ನು ಈ ದಡದವನು ಮರೆಯಬಹುದೆ? ಒಂದೇ ಹಕ್ಕಿಗೆ ಎರಡು ಕಡೆ ಎರಡು ಹೆಸರು. ಹುಚ್ಚಿಯೆನಿಸಿದವಳಿಗೆ ಕಾವ್ಯದ ಹೆಸರು ನೆನಪಿದೆ. ಗಡಿನಾಡಿನವರಿಗೆ ಈ ಸಂದರ್ಭ ವಿವರಿಸಿ ಹೇಳಬೇಕಾದುದಲ್ಲ. ದೋಣಿಯವನ ಮನಸ್ಸು ಕರಗಿ ಅವಳನ್ನು ಹತ್ತಿಸಿಕೊಳ್ಳುತ್ತಾನೆ.

ನದಿಯ ನಡುವೆ ಆಚೆಯ ದಡದಿಂದ ಪ್ರಾರ್ಥನೆಯ ಧ್ವನಿ ಕೇಳುತ್ತದೆ. ದೋಣಿಯವನು ಅದರ ಕಾರಣವನ್ನು ಹೇಳುತ್ತಾನೆ. ಕಳೆದ ವರ್ಷ ಇದೇ ದಿನ ಒಬ್ಬ ಹುಡುಗ ಇಲ್ಲಿ ಕಾಯಿಲೆಯಿಂದ ಬಿದ್ದ; ಅವನನ್ನು ತಂದಿದ್ದ ಕಟುಕ ಬಿಟ್ಟುಹೋದ. ದಾರಿಯ ಬದಿಯಲ್ಲೇ ನನ್ನನ್ನು ಹೂಳಿ ಒಂದು ಗಿಡ ನೆಡಿರೆಂದು ಕೇಳಿಕೊಂಡು ಹುಡುಗ ಸತ್ತ. ದೋಣಿ ದಡ ಮುಟ್ಟುತ್ತದೆ, ಎಲ್ಲರೂ ಇಳಿಯುತ್ತಾರೆ, ತಾಯಿ ಇಳಿಯುವುದಿಲ್ಲ. ಒಂದೊಂದಾಗಿ ಕೇಳುತ್ತಾಳೆ: ಅದು ಯಾವ ತಿಂಗಳು? ಹುಡುಗನ ವಯಸ್ಸೆಷ್ಟು? ಹೆಸರೇನು? ತಂದೆಯ ಹೆಸರೇನು? ಹನ್ನೆರಡು ವರ್ಷ, ಉಮೆವಾಕಾಮಾರು, ಯೊಶಿದಾ. ಪ್ರತಿ ಉತ್ತರಕ್ಕೂ ಒಂದೊಂದು ಬಾಗಿಲು ಮುಚ್ಚುತ್ತ ಹೋಗುತ್ತದೆ. ಅದು ಅವಳ ಮಗನೇ.

ಸಮಾಧಿಯ ಬಳಿ ಅವಳೂ ಗಂಟೆಯನ್ನು ಬಾರಿಸುತ್ತ ಅಮಿದಾ ಬುದ್ಧನ ನಾಮಸ್ಮರಣೆ ಮಾಡುತ್ತಾಳೆ. ಆ ನಾಮದ ನಡುವೆ ಮಣ್ಣಿನೊಳಗಿನಿಂದ ಮಗುವಿನ ಧ್ವನಿ ಕೇಳುತ್ತದೆ. ಮಗನ ಛಾಯೆ ಹೊರಗೆ ಬರುತ್ತದೆ. ಅಪ್ಪಿಕೊಳ್ಳಲು ಹೋದರೆ ಕೈಗೆ ಸಿಗುವುದಿಲ್ಲ. ಬೆಳಗಾಗುತ್ತದೆ. ಮಗನೆಂದು ಕಂಡುದು ಗೋರಿಯ ಮೇಲೆ ಬೆಳೆದ ಹುಲ್ಲು. ನಾಟಕ ಅಲ್ಲಿಗೆ ನಿಲ್ಲುತ್ತದೆ. ಟೋಕಿಯೋದ ಮೊಕುಬೋಜಿ ಎಂಬ ದೇವಾಲಯದಲ್ಲಿ ಇಂದಿಗೂ ಆ ಹುಡುಗನ ಹೆಸರಿನ ದಿಬ್ಬವಿದೆ.

ಈ ನಾಟಕದ ಬಗ್ಗೆ ತಂದೆಮಕ್ಕಳಲ್ಲಿ ಒಂದು ವಾದ ನಡೆದುದು ದಾಖಲೆಯಾಗಿದೆ. ಮಗುವಿನ ಛಾಯೆಯನ್ನು ರಂಗದ ಮೇಲೆ ತರಬಾರದು, ಅದು ತಾಯಿಗೆ ಮಾತ್ರ ಕಾಣುವಂಥದಾಗಿದ್ದರೆ ಹೆಚ್ಚು ಸ್ವಾರಸ್ಯ, ಎಂದು ಝೆಯಾಮಿ. ಹಾಗೆ ಮಾಡುವುದು ತನ್ನಿಂದಾಗದು ಎಂದು ಮೊತೊಮಾಸಾ. ಮಾಡಿ ನೋಡಿ ಒಳ್ಳೆಯದನ್ನು ಉಳಿಸಿಕೊಳ್ಳಬೇಕು ಎಂಬುದು ತಂದೆಯ ಅಭಿಪ್ರಾಯವಾಗಿತ್ತು. ಮೊತೊಮಾಸಾ 1432ರಲ್ಲಿ ತಂದೆಗಿಂತ ಮುಂಚೆಯೇ ತೀರಿಕೊಂಡ. ಮಗನನ್ನು ಕಳೆದುಕೊಂಡ ಮುದಿ ಝೆಯಾಮಿ ಆ ದುಃಖವನ್ನು ಒಂದು ಬರಹದಲ್ಲಿ ಬರೆದಿಟ್ಟ. ಈ ಸಂಗತಿಯನ್ನು ತಿಳಿದು ನಾಟಕವನ್ನು ಓದುವಾಗ ಎದೆ ಭಾರವಾಗುತ್ತದೆ.

ಎಂಟು ವರ್ಷಗಳ ಕಾಯುವಿಕೆ

ಊರಿಗೆ ಮರಳಿದ ಬ್ರಿಟ್ಟನ್ನರು ಪ್ಲೋಮರರೊಡನೆ ಈ ನಾಟಕವನ್ನು ಇಂಗ್ಲಿಷಿನಲ್ಲಿ ಗೀತನಾಟಕವಾಗಿಸುವ ವಿಚಾರವನ್ನು ಎತ್ತಿದರು. ಪ್ಲೋಮರರು ಸಿದ್ಧಪಡಿಸಿದ ಮೊದಲ ಸಾಹಿತ್ಯದಲ್ಲಿ ಎಲ್ಲವೂ ಜಪಾನಿನದೇ ಆಗಿತ್ತು: ಜಪಾನಿನ ಹೆಸರು, ಜಪಾನಿನ ನದಿ, ಬುದ್ಧನ ಪ್ರಾರ್ಥನೆ. ಆದರೆ ಕೆಲಸ ಮುಂದೆ ಸಾಗಿದಂತೆ ಬ್ರಿಟ್ಟನ್ನರಿಗೆ ಶಂಕೆ ಹುಟ್ಟಿತು. ಆಂಗ್ಲ ಗಾಯಕರು ಜಪಾನೀಯರ ಉಡುಗೆ ತೊಟ್ಟು ಜಪಾನೀಯರಂತೆ ಹೆಜ್ಜೆಯಿಟ್ಟರೆ ಅದು ನೋ ಆಗುವುದೇ, ನೋ ನಾಟಕದ ಅಣಕವಾಗುವುದೇ? ಚಿಕ್ಕಂದಿನಿಂದ ಕಲಿತ ನಟರಿಗೆ ಬರುವ ಆ ಸ್ತಬ್ಧತೆಯನ್ನು ನಾಲ್ಕು ವಾರದ ತಾಲೀಮಿನಲ್ಲಿ ತರಲಾದೀತೆ?

1959ರಲ್ಲಿ ಅವರು ಒಂದು ಧೈರ್ಯದ ತೀರ್ಮಾನಕ್ಕೆ ಬಂದರು. ಮೇಲಿನ ಜಪಾನನ್ನು ಪೂರ್ತಿ ಬಿಡಬೇಕು. ಒಳಗಿನ ಜಪಾನನ್ನು ಉಳಿಸಬೇಕು. ಕಥೆ ತಮ್ಮ ಪೂರ್ವ ಇಂಗ್ಲೆಂಡಿನ ಜೌಗುನಾಡಿನಲ್ಲಿ, ಮಧ್ಯಯುಗದ ಒಂದು ಮಠದಲ್ಲಿ ನಡೆಯಲಿ. ಪ್ಲೋಮರರು ಆಗಲೇ ಮಾಡಿದ್ದ ಕೆಲಸವನ್ನು ಬದಿಗಿಟ್ಟು ಮತ್ತೆ ಬರೆಯಲು ಒಪ್ಪಿದರು. ಅವರ ಸೌಜನ್ಯವನ್ನೂ ನಾವು ನೆನೆಯಬೇಕು. ನಡುವೆ ಬೇರೆ ಕೃತಿಗಳು ಬಂದುವು. 1962ರಲ್ಲಿ ಕಾವೆಂಟ್ರಿಯ ಹೊಸ ದೇವಾಲಯಕ್ಕಾಗಿ ರಚಿಸಿದ 'ವಾರ್ ರೆಕ್ವಿಯೆಮ್' ಅವುಗಳಲ್ಲಿ ಹಿರಿದು. ಕೊನೆಗೆ 1964ರ ಆರಂಭದಲ್ಲಿ ವೆನಿಸ್ ನಗರದಲ್ಲಿ ಕುಳಿತು ಸಂಗೀತವನ್ನು ಬರೆದರು.

ನಮ್ಮ ಸಾಹಿತ್ಯದಲ್ಲಿಯೂ ಈ ಎರಡು ಮಾರ್ಗಗಳುಂಟು. ಬಿ. ಎಂ. ಶ್ರೀಕಂಠಯ್ಯನವರು ಗ್ರೀಕರ 'ಪರ್ಷಿಯನ್ನರು' ನಾಟಕವನ್ನು 'ಪಾರಸಿಕರು' ಎಂದು ತಂದಾಗ ಪಾರಸಿಕರನ್ನು ಪಾರಸಿಕರಾಗಿಯೇ ಇಟ್ಟರು. ಸಾಫೊಕ್ಲಿಸನ ಏಜಾಕ್ಸನನ್ನು ತರುವಾಗ ಮಾತ್ರ ಅವನನ್ನು ಕುರುಕ್ಷೇತ್ರದ ಅಶ್ವತ್ಥಾಮನನ್ನಾಗಿ ಮಾಡಿದರು. ಗ್ರೀಕ್ ವೀರನ ಉಡುಗೆ ಹೋಯಿತು. ಗ್ರೀಕ್ ರುದ್ರನಾಟಕದ ಎಲುಬು ಉಳಿಯಿತು. ಬ್ರಿಟ್ಟನ್ನರು ಹಿಡಿದುದು ಈ ಎರಡನೆಯ ದಾರಿ.

ಕರ್ಲ್ಯೂ ನದಿ

'ಕರ್ಲ್ಯೂ ರಿವರ್' 1964ರ ಜೂನ್ ತಿಂಗಳಲ್ಲಿ ಆಲ್ಡ್‌ಬರೋ ಉತ್ಸವದಲ್ಲಿ, ಹತ್ತಿರದ ಓರ್ಫರ್ಡ್ ಎಂಬ ಊರಿನ ಹಳೆಯ ಚರ್ಚಿನಲ್ಲಿ ಮೊದಲ ಬಾರಿಗೆ ಪ್ರಯೋಗವಾಯಿತು. ಕರ್ಲ್ಯೂ ಎಂದರೆ ಕೆಳಕ್ಕೆ ಬಾಗಿದ ಉದ್ದ ಕೊಕ್ಕಿನ, ಕರುಣವಾಗಿ ಕೂಗುವ ಒಂದು ಜೌಗುಹಕ್ಕಿ. ರಾಜಧಾನಿಯ ಹಕ್ಕಿಯ ಜಾಗದಲ್ಲಿ ತಮ್ಮೂರಿನ ಹಕ್ಕಿ ಬಂದಿತು. ನದಿ ಇಲ್ಲಿಯೂ ಎರಡು ರಾಜ್ಯಗಳ ಗಡಿ; ತಾಯಿ ಇಲ್ಲಿಯೂ ಪಶ್ಚಿಮದಿಂದ ಪೂರ್ವಕ್ಕೆ ಬರುವವಳು. ಬುದ್ಧನ ನಾಮಸ್ಮರಣೆಗೆ ಬದಲಾಗಿ ಲ್ಯಾಟಿನ್ ಸ್ತೋತ್ರ. ಆ ಸ್ತೋತ್ರದ ನಡುವೆಯೇ ಮಗುವಿನ ಧ್ವನಿ ಹೊರಡುತ್ತದೆ.

ಮಠಾಧಿಪತಿಯೂ ಸನ್ಯಾಸಿಗಳೂ ಪ್ರಾಚೀನ ಸ್ತೋತ್ರವೊಂದನ್ನು ಹಾಡುತ್ತ ಚರ್ಚಿನೊಳಗೆ ನಡೆದು ಬರುತ್ತಾರೆ. ಎಲ್ಲರ ಎದುರಿಗೇ ಮೂವರು ಸನ್ಯಾಸಿಗಳಿಗೆ ವೇಷ ತೊಡಿಸುತ್ತಾರೆ: ಹುಚ್ಚಿ ತಾಯಿ, ದೋಣಿಯವನು, ಪ್ರಯಾಣಿಕ. ನಾಟಕ ಮುಗಿದ ಮೇಲೆ ವೇಷ ಕಳಚಿ, ಅದೇ ಸ್ತೋತ್ರವನ್ನು ಹಾಡುತ್ತ ಹೊರಟುಹೋಗುತ್ತಾರೆ. ಪಾತ್ರಧಾರಿಗಳೆಲ್ಲರೂ ಪುರುಷರು. ತಾಯಿಯ ಪಾತ್ರವನ್ನು ಪೀಟರ್ ಪಿಯರ್ಸರು ಮುಖವಾಡ ಧರಿಸಿ, ತಮ್ಮ ಗಂಡುಕಂಠದಲ್ಲಿಯೇ ಹಾಡಿದರು. ನೋ ನಾಟಕದ ನಿಯಮವೂ, ಯುರೋಪಿನ ಹಳೆಯ ಮಠಗಳ ಧರ್ಮನಾಟಕದ ಪದ್ಧತಿಯೂ ಇಲ್ಲಿ ಒಂದಕ್ಕೊಂದು ಅಡ್ಡಬಾರದೆ ಕೂಡಿಕೊಂಡಿವೆ.

ಇನ್ನು ಸಂಗೀತದ ವಿಷಯ. ಬ್ರಿಟ್ಟನ್ನರು ಜಪಾನಿನ ಒಂದು ರಾಗವನ್ನೂ ಎತ್ತಿ ತಂದಿಲ್ಲ. ಆ ಮಠದ ಸ್ತೋತ್ರದ ಸ್ವರಗಳೇ ಅವರ ಬೀಜ. ಜಪಾನಿನಿಂದ ತಂದುದು ನಡೆಸುವ ರೀತಿ. ಅದನ್ನು ನಾಲ್ಕು ಅಂಶಗಳಲ್ಲಿ ಹೇಳಬಹುದು.

ಮೊದಲನೆಯದು, ಮಿತ. ಏಳೇ ವಾದ್ಯಗಾರರು: ಕೊಳಲು, ಹಾರ್ನ್ ಎಂಬ ಕೊಂಬು, ವಯೋಲಾ, ಡಬಲ್ ಬಾಸ್, ಹಾರ್ಪ್, ಸಣ್ಣ ಆರ್ಗನ್, ತಾಳವಾದ್ಯ. ಕೊಳಲು ತಾಯಿಯ ಒಡನಾಡಿ. ಕೊಂಬು ದೋಣಿಯವನ ಒಡನಾಡಿ.

ಎರಡನೆಯದು, ನಾಯಕನಿಲ್ಲದ ನಡೆ. ಪಾಶ್ಚಾತ್ಯ ವೃಂದದಲ್ಲಿ ಕೋಲು ಹಿಡಿದು ನಿಲ್ಲುವ ನಿರ್ವಾಹಕ ಇಲ್ಲಿಲ್ಲ. ಗಾಯಕರೂ ವಾದಕರೂ ಕೆಲವು ಕಡೆ ತಮ್ಮ ತಮ್ಮ ಗತಿಯಲ್ಲಿ ಹೋಗುತ್ತಾರೆ. ನಿಯಮಿತ ಸ್ಥಳದಲ್ಲಿ ಒಬ್ಬರನ್ನೊಬ್ಬರು ಕಾಯುತ್ತಾರೆ. ಮುಂದೆ ಹೋದವನು ಹಿಂದಿನವನು ಬರುವ ವರೆಗೆ ಸ್ವರವನ್ನು ಹಿಡಿದಿರಬೇಕು. ಇದನ್ನು ಬರೆದು ತೋರಿಸಲು ಸ್ವರಲಿಪಿಯಲ್ಲಿ ಚಿಹ್ನೆ ಇರಲಿಲ್ಲವಾಗಿ ಬ್ರಿಟ್ಟನ್ನರು ಒಂದು ಹೊಸ ಚಿಹ್ನೆಯನ್ನೇ ನಿರ್ಮಿಸಿದರು. ಅದಕ್ಕೆ 'ಕರ್ಲ್ಯೂ ಚಿಹ್ನೆ' ಎಂದೇ ಹೆಸರು.

ಮೂರನೆಯದು, ಒಂದೇ ಹಾಡಿನ ಹಲವು ನೆರಳು. ಪಾಶ್ಚಾತ್ಯ ಸಂಗೀತದ ವೈಭವವಿರುವುದು ಬೇರೆ ಬೇರೆ ಸ್ವರಗಳನ್ನು ಒಟ್ಟಿಗೆ ಜೋಡಿಸಿ ನಿಲ್ಲಿಸುವ ಮೇಳೈಕೆಯಲ್ಲಿ. ಇಲ್ಲಿ ಬ್ರಿಟ್ಟನ್ನರು ಆ ವೈಭವವನ್ನು ಬಹುಮಟ್ಟಿಗೆ ಬಿಟ್ಟುಕೊಟ್ಟರು. ಒಂದೇ ಸ್ವರಧಾರೆಯನ್ನು ಒಬ್ಬ ಹಾಡುತ್ತಾನೆ, ಇನ್ನೊಬ್ಬ ಸ್ವಲ್ಪ ಹಿಂದೆ ಬಿದ್ದು, ಸ್ವಲ್ಪ ಬಳುಕಿಸಿ ಅದನ್ನೇ ನುಡಿಸುತ್ತಾನೆ. ಕರ್ಣಾಟಕ ಸಂಗೀತದ ಕಚೇರಿಯಲ್ಲಿ ಗಾಯಕನ ಆಲಾಪನೆಯನ್ನು ಪಿಟೀಲಿನವರು ಒಂದು ಕ್ಷಣ ಹಿಂದೆ ಹಿಡಿದುಕೊಂಡು ಬರುವುದನ್ನು ಕೇಳಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನಮಗೆ ಅದು ನಿತ್ಯದ ಅನುಭವ. ಯುರೋಪಿನ ವಿದ್ಯೆಯಲ್ಲಿ ನುರಿತವನಿಗೆ ಅದು ಕಲಿತುದನ್ನು ಮರೆಯುವ ಸಾಧನೆ.

ನಾಲ್ಕನೆಯದು, ನಾದದ ಬಣ್ಣ. ಹದಿನೇಳು ಬಿದಿರು ಕೊಳವೆಗಳ ಶೋ ವಾದ್ಯದಲ್ಲಿ ಒತ್ತೊತ್ತಾದ ಹಲವು ಸ್ವರಗಳು ಕೂಡಿ ಮಂಜಿನಂತೆ ತೂಗಾಡುತ್ತವೆ. ಬ್ರಿಟ್ಟನ್ನರು ಆ ಮಂಜನ್ನು ಆರ್ಗನ್ನಿನಿಂದ ಹೊರಡಿಸಿ ತಮ್ಮ ಜೌಗುನಾಡಿನ ನದಿಯ ಮೇಲೆ ಹರಡಿದರು. ನಿಧಾನವಾಗಿ ಆರಂಭವಾಗಿ ಬರಬರುತ್ತ ಬಿರುಸಾಗುವ ಮದ್ದಳೆಯ ಹೊಡೆತದಲ್ಲಿ ನೋ ರಂಗದ ನೆನಪಿದೆ.

ಹೀಗೆ ನೋಡಿದರೆ ಈ ಕೃತಿಯಲ್ಲಿ ಜಪಾನು ಎಲ್ಲಿಯೂ ಕಾಣುವುದಿಲ್ಲ. ಎಲ್ಲ ಕಡೆಯೂ ಇದೆ.

ಕಳೆದುದೆಷ್ಟು, ಗಳಿಸಿದುದೆಷ್ಟು?

ಇಷ್ಟು ಹೊಗಳಿದ ಮೇಲೆ ಒಂದು ಆಕ್ಷೇಪವನ್ನೂ ಎದುರಿಸಬೇಕು. ಜಪಾನೀ ನಾಟಕ ಬೆಳಗಿನ ಹುಲ್ಲಿನಲ್ಲಿ ಮುಗಿಯುತ್ತದೆ, ಸಮಾಧಾನದ ಮಾತಿಲ್ಲ. 'ಕರ್ಲ್ಯೂ ರಿವರ್'ನಲ್ಲಿ ಮಗುವಿನ ಆತ್ಮ ಹೊರಬಂದು ತಾಯಿಯನ್ನು ಹರಸುತ್ತದೆ, ಸ್ವರ್ಗದಲ್ಲಿ ಮತ್ತೆ ಸೇರುವೆವೆಂಬ ಭರವಸೆಯನ್ನು ಕೊಡುತ್ತದೆ. ಅವಳ ಹುಚ್ಚು ಇಳಿಯುತ್ತದೆ. ಮೂಲದ ನಿಷ್ಠುರ ಸತ್ಯ ಇಲ್ಲಿ ಮೆತ್ತಗಾಯಿತೆಂದು ಹೇಳುವವರಿದ್ದಾರೆ.

ಈ ಆಕ್ಷೇಪದಲ್ಲಿ ಹುರುಳಿದೆಯೆಂದೇ ನಮ್ಮ ಅಭಿಪ್ರಾಯ. ಮಗನನ್ನು ಅಪ್ಪಲು ಹೋದ ಕೈಗೆ ಹುಲ್ಲು ಸಿಕ್ಕುವ ಆ ಒಂದು ಕ್ಷಣಕ್ಕೆ ಸಮನಾದುದು ಇಂಗ್ಲಿಷ್ ಕೃತಿಯಲ್ಲಿಲ್ಲ. ಝೆಯಾಮಿ ಮಗುವಿನ ಛಾಯೆಯನ್ನೇ ಬೇಡವೆಂದ. ಮೊತೊಮಾಸಾ ಛಾಯೆಯನ್ನು ತಂದು ಮಾಯಮಾಡಿದ. ಬ್ರಿಟ್ಟನ್ನರು ಅದರ ಬಾಯಿಂದ ಆಶೀರ್ವಾದವನ್ನು ಹೇಳಿಸಿದರು. ಒಂದೊಂದು ಹೆಜ್ಜೆಗೂ ಹೊರಗಿನ ಸಾಂತ್ವನ ಹೆಚ್ಚಿತು. ಪ್ರೇಕ್ಷಕನ ಪಾಲಿನ ಕೆಲಸ ಕಡಿಮೆಯಾಯಿತು.

ಆದರೆ ಇನ್ನೊಂದು ಮಗ್ಗುಲೂ ಉಂಟು. ಕಥೆಯನ್ನು ಕ್ರೈಸ್ತ ಮಠದೊಳಗೆ ತಂದ ಮೇಲೆ, ಪುನರುತ್ಥಾನವನ್ನು ನಂಬುವ ಸನ್ಯಾಸಿಗಳ ಬಾಯಿಂದ ಆ ಭರವಸೆ ಬಾರದಿದ್ದರೆ ಅದೇ ಕೃತಕವಾಗುತ್ತಿತ್ತು. ಬೇರೆ ಮಣ್ಣಿನಲ್ಲಿ ನೆಟ್ಟ ಸಸಿ ಆ ಮಣ್ಣಿನ ಸಾರವನ್ನು ಹೀರಿಯೇ ಹೀರುತ್ತದೆ. ಮೂಲಕ್ಕೆ ದ್ರೋಹ ಆಗಬಾರದೆಂದು ಬೇರನ್ನು ನೀರಿನ ಲೋಟದಲ್ಲಿ ಇಟ್ಟರೆ ಸಸಿ ಬದುಕುವುದಿಲ್ಲ. ಬ್ರಿಟ್ಟನ್ನರು ತೆತ್ತ ಬೆಲೆ ನಿಜವಾದುದು. ಕೊಂಡ ವಸ್ತುವೂ ನಿಜವಾದುದು.

ಕೊನೆಯ ವರೆಗೆ

ಒಮ್ಮೆ ಬಂದ ನೆಂಟನೋ, ಮನೆಯ ಮಗುವೋ ಎಂಬ ನಮ್ಮ ಮೊದಲ ಪ್ರಶ್ನೆಗೆ ಮುಂದಿನ ವರ್ಷಗಳೇ ಉತ್ತರ. 'ಕರ್ಲ್ಯೂ ರಿವರ್' ಒಂದರಲ್ಲಿಯೇ ಬ್ರಿಟ್ಟನ್ನರು ನಿಲ್ಲಲಿಲ್ಲ. ಅದೇ ಚರ್ಚಿನಲ್ಲಿ, ಅದೇ ರೀತಿಯಲ್ಲಿ, ಪ್ಲೋಮರರ ಸಾಹಿತ್ಯದಿಂದಲೇ ಮತ್ತೆರಡು ಕೃತಿಗಳನ್ನು ಮಾಡಿದರು: 1966ರಲ್ಲಿ 'ದಿ ಬರ್ನಿಂಗ್ ಫಯರಿ ಫರ್ನೆಸ್', 1968ರಲ್ಲಿ 'ದಿ ಪ್ರಾಡಿಗಲ್ ಸನ್'. ಇವುಗಳ ಕಥೆ ಬೈಬಲ್ಲಿನದು. ಜಪಾನಿನ ಕಥೆಯೇ ಇಲ್ಲ. ಆದರೂ ಸನ್ಯಾಸಿಗಳ ಮೆರವಣಿಗೆ, ಎಲ್ಲರೆದುರು ವೇಷ ತೊಡುವುದು, ನಿರ್ವಾಹಕನಿಲ್ಲದ ಗತಿ, ಇವೆಲ್ಲ ಮುಂದುವರಿದುವು. 1973ರಲ್ಲಿ ಪ್ರಯೋಗವಾದ ಅವರ ಕೊನೆಯ ಗೀತನಾಟಕ 'ಡೆತ್ ಇನ್ ವೆನಿಸ್'. ಅಲ್ಲಿ ಬಾಲಿಯ ಕಂಚಿನ ನಾದ ಎದ್ದು ಕೇಳುತ್ತದೆ. ಅದರೊಡನೆ ಅಳತೆಗೆ ಕಟ್ಟುಬೀಳದ ಆ ಬರಿದಾದ ಗಾಯನರೀತಿಯೂ ಉಂಟು. 1976ರ ಡಿಸೆಂಬರ್ 4ರಂದು ಆಲ್ಡ್‌ಬರೋದಲ್ಲಿ ಬ್ರಿಟ್ಟನ್ನರು ತೀರಿಕೊಂಡರು. ಜಪಾನಿನ ನೋ ಅವರಿಗೆ ಪ್ರವಾಸದ ನೆನಪಾಗಿರಲಿಲ್ಲ. ಕೆಲಸ ಮಾಡುವ ಕೈಯ ಅಭ್ಯಾಸವಾಗಿತ್ತು.

ಇದರಲ್ಲಿ ನಾವು ಕಾಣುವ ಪಾಠ ಮೂರು ಮಾತಿನದು. ಮೊದಲು, ಕಂಡೊಡನೆ ಎತ್ತಿಕೊಳ್ಳದೆ ಕಾಯುವುದು. ಅವರು ಎಂಟು ವರ್ಷ ಕಾದರು. ಎರಡನೆಯದು, ಸುಲಭವಾಗಿ ಸಿಗುವ ಬಣ್ಣವನ್ನು ಬಿಟ್ಟು ಕಷ್ಟವಾದ ಎಲುಬನ್ನು ಹಿಡಿಯುವುದು. ಮೂರನೆಯದು, ಕೊಳ್ಳುವವನು ತನ್ನದೊಂದನ್ನು ಬಿಟ್ಟುಕೊಡುವುದು. ಬ್ರಿಟ್ಟನ್ನರು ತಾವು ಪರಿಣತರಾಗಿದ್ದ ಮೇಳೈಕೆಯ ವೈಭವವನ್ನೇ ಬಿಟ್ಟುಕೊಟ್ಟರು. ಏನನ್ನೂ ಬಿಡದೆ ಪಡೆದುದು ಅಲಂಕಾರವಾಗಿ ಮಾತ್ರ ಉಳಿಯುತ್ತದೆ.

1940ರಲ್ಲಿ ಒಬ್ಬ ಮಗ ತನ್ನ ತಂದೆತಾಯಿಗಾಗಿ ಬರೆದ ಶೋಕಗೀತವನ್ನು ಜಪಾನು ಹಿಂದಕ್ಕೆ ಕಳುಹಿಸಿತು. 1956ರಲ್ಲಿ ಅದೇ ಜಪಾನು, ಮಗನಿಗಾಗಿ ಅಳುವ ಒಬ್ಬ ತಾಯಿಯ ಶೋಕಗೀತವನ್ನು ಅವರ ಕೈಗೆ ಕೊಟ್ಟಿತು. ರಾಜ್ಯಗಳು ಗಡಿಯಲ್ಲಿ ತಡೆದುದನ್ನು ದೋಣಿಯವನು ದಾಟಿಸಿದನು. ನಮ್ಮ ಶಾಲೆಗಳಲ್ಲಿ ಒಂದು ಮನೆಮಾತಿನ ಮಗುವಿಗೆ ಇನ್ನೊಂದು ಮಾತಿನ ಕಥೆಯನ್ನು ಹೇಳುವಾಗಲೆಲ್ಲ ನಾವು ಹಿಡಿಯುವುದೂ ಅದೇ ಹುಟ್ಟು. ಆಚೆಯ ದಡದ ಹಕ್ಕಿಯ ಹೆಸರನ್ನು ಮರೆಯದೆ, ಈಚೆಯ ದಡದ ಹಕ್ಕಿಯನ್ನು ತೋರಿಸಿಕೊಡುವುದು ನಮ್ಮ ಕೆಲಸ.